ಗೋಲಿನ ಎದುರಿನ ಹುಲ್ಲು

ಮಣ್ಣಗುಡ್ಡ, ಮಂಗಳೂರು
ಸೆಪ್ಟೆಂಬರ್ ೨೭, ಶನಿವಾರ

ಪ್ರೀತಿಯ ಫರ್ಝಾನಾ,

ಮೊದಲು ಇದೊಂದು ಮಾತು ಓದು, ಉಳಿದದ್ದನ್ನು ಆಮೇಲೆ ಓದಿದರೂ ಸಾಕು. ನಾಳೆ ಆಮ್ನಾಳನ್ನು ನಮ್ಮ ಮೈದಾನಕ್ಕೆ ಕಳಿಸಬೇಡ. ದಸರಾ ರಜೆಯ ಫುಟ್‌ಬಾಲ್ ಕ್ಯಾಂಪಿಗೆ ಅವಳನ್ನು ಸೇರಿಸು ಎಂದು ಬೆನ್ನು ಬಿದ್ದವಳು ನಾನೇ. ನಿನ್ನ ಮಗಳಂಥ ಗೋಲ್‌ಕೀಪರ್ ಇಲ್ಲದೆ ಕ್ಯಾಂಪ್ ಎಂತದು ಮಾರಾಯ್ತಿ ಎಂದು ಉಬ್ಬಿಸಿದವಳೂ ನಾನೇ. ಈಗ ಬೇಡ ಎನ್ನುತ್ತಿರುವವಳೂ ನಾನೇ. ಅವಳು ಅತ್ತು ರಂಪ ಮಾಡಲಿ, ಊಟ ಬಿಡಲಿ, ಪರವಾಗಿಲ್ಲ. ಕಳಿಸಬೇಡ.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಇವಳು ಎಂದು ನಗಬೇಡ. ಫೋನಿನಲ್ಲಿ ಹೇಳುವ ಎಂದರೆ ಈ ಮನೆಯಲ್ಲಿ ಗೋಡೆಗೂ ಕಿವಿ ಉಂಟು. ಮತ್ತೆ ನಿನ್ನ ಸ್ವರ ಕೇಳಿದ ಕೂಡಲೇ ನಾನು ಅತ್ತುಬಿಡುತ್ತೇನೆ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ನಮ್ಮ ಮನೆಗೆಲಸದ ಸುಂದರಿ ಇವತ್ತು ಸಂಜೆ ಅತ್ತಾವರಕ್ಕೆ ಬರುವವಳಿದ್ದಾಳೆ. ನಿನ್ನ ಆಸ್ಪತ್ರೆಯ ಲ್ಯಾಬಿಗೇ ಬಂದು ಇದನ್ನು ನಿನ್ನ ಕೈಗೆ ಕೊಡುತ್ತಾಳೆ.

ಮೈದಾನ ಮಾವನದ್ದು, ಕ್ಯಾಂಪಿನ ವ್ಯವಹಾರ ನಮ್ಮವರದ್ದು, ಹುಲ್ಲು ಮಾತ್ರ ನನ್ನದು. ನಾವಿಬ್ಬರೂ ಬಾಟನಿ ಕಲಿತದ್ದು ಕೊನೆಗೂ ಹುಲ್ಲು ಕಾಯುವುದಕ್ಕೆ ಉಪಯೋಗವಾಯಿತು ಎಂದು ನೀನು ಎಷ್ಟು ಸಲ ತಮಾಷೆ ಮಾಡಿಲ್ಲ! ಊರಿಡೀ ಪ್ಲಾಸ್ಟಿಕ್ ಹುಲ್ಲು ಹಾಸುತ್ತಿರುವಾಗ ನಮ್ಮದು ನಿಜವಾದ ಹುಲ್ಲು ಎಂಬ ಹಮ್ಮು ನನಗೆ ಇದ್ದದ್ದು ಹೌದು. ಆ ಹುಲ್ಲು ಈ ತಿಂಗಳು ಗೋಲಿನ ಎದುರು ಹಳದಿಯಾಗತೊಡಗಿತು.

ಮೊದಲು ಬೂಷ್ಟಿನ ರೋಗ ಇರಬೇಕು ಎಂದುಕೊಂಡೆ. ಬಿಟ್ಟು ಬಿಟ್ಟು ಬರುವ ಮಳೆ, ಒಣಗದ ನೆಲ, ಬೂಷ್ಟಿಗೆ ಹೇಳಿ ಮಾಡಿಸಿದ ಹವೆ. ಇಬ್ಬನಿ ಆರುವ ಮೊದಲು ಹೋಗಿ ಮೊಣಕಾಲೂರಿ ನೋಡಿದೆ. ರೋಗವಾದರೆ ಹುಲ್ಲಿನ ಮೇಲೆ ಜೇಡರ ಬಲೆಯಂಥ ಬಿಳಿ ನೂಲು ಕಾಣಬೇಕು, ಎಲೆಯಲ್ಲಿ ಚುಕ್ಕೆ ಇರಬೇಕು. ಎರಡೂ ಇರಲಿಲ್ಲ. ಆದರೆ ಬೆಳ್ಳಕ್ಕಿಗಳೂ ಮೈನಾಗಳೂ ಅದೇ ಜಾಗದಲ್ಲಿ ಬಿಡದೆ ಕುಕ್ಕುತ್ತಿದ್ದವು. ಹಕ್ಕಿ ಸುಮ್ಮನೆ ಕುಕ್ಕುವುದಿಲ್ಲವಲ್ಲ. ಹುಲ್ಲು ಹಿಡಿದು ಎಳೆದರೆ ಚಾಪೆ ಎತ್ತಿದ ಹಾಗೆ ಎದ್ದು ಬಂತು, ಅಡಿಯಲ್ಲಿ ಬೇರೇ ಇಲ್ಲ. ಮಣ್ಣಿನಲ್ಲಿ ಬಿಳಿ ದಪ್ಪ ಹುಳಗಳು ಸುರುಟಿಕೊಂಡು ಮಲಗಿದ್ದವು. ಬೇರುಹುಳ.

ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನು ಎಲ್ಲರೆದುರು ದೊಡ್ಡ ಡಾಕ್ಟರಿಣಿಯ ಹಾಗೆ ಹೇಳಿದೆ. ಆ ಹುಳಕ್ಕೇ ರೋಗ ತರಿಸುವ ಒಂದು ಬೂಷ್ಟಿನ ಪುಡಿ ಸಿಗುತ್ತದೆ, ಗೊಬ್ಬರದಲ್ಲಿ ಬೆರೆಸಿ ಹಾಕುವ, ಮಕ್ಕಳಿಗೆ ತೊಂದರೆ ಇಲ್ಲ, ಆದರೆ ಕೆಲವು ವಾರ ಬೇಕು, ಅಲ್ಲಿಯವರೆಗೆ ಆ ಜಾಗಕ್ಕೆ ಹಗ್ಗ ಕಟ್ಟಿ ಕ್ಯಾಂಪನ್ನು ಮುಂದೆ ಹಾಕುವ ಎಂದೆ. ಮಾವ ಅನ್ನ ಕಲಸುವುದನ್ನು ನಿಲ್ಲಿಸಿ ನಕ್ಕರು. ಹುಳಕ್ಕೆ ಶೀತ ಜ್ವರ ಬರುವವರೆಗೆ ಕಾಯುವುದಾ ನಾವು ಎಂದು ಕೇಳಿದರು. ನಮ್ಮವರೂ ನಕ್ಕರು. ನಾನು ಸಿಟ್ಟಿನಲ್ಲಿ ತಟ್ಟೆ ತೊಳೆಯಲು ಎದ್ದು ಹೋದೆ.

ನಮ್ಮ ಮಾವ ಚಿತ್ತರಂಜನ ಶೆಟ್ಟರು ಕೆಟ್ಟವರು ಎಂದು ನೀನು ತಿಳಿಯಬಾರದು. ನನ್ನ ಹೆರಿಗೆಯ ಹೊತ್ತಿಗೆ ಇಡೀ ದಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತ ಮಾವ ಅವರು. ಆದರೆ ಹುಟ್ಟಿ ಬೆಳೆದದ್ದು ಅಡಿಕೆ ತೋಟದಲ್ಲಿ. ಅಲ್ಲಿ ಬೇರುಹುಳ ಬಂದರೆ ಫೋರೇಟ್ ಹರಳು ಹಾಕುವುದು, ಮುಗಿಯಿತು. ಸರಕಾರ ಅದನ್ನು ನಿಷೇಧ ಮಾಡಿದೆ ಎಂದರೆ, ಸರಕಾರಕ್ಕೆ ಬೇರುಹುಳ ಬಂದಿಲ್ಲ ಎನ್ನುತ್ತಾರೆ. ಅದೇ ಹುಳ, ಅದೇ ಮದ್ದು ಎಂಬುದು ಅವರ ಲೆಕ್ಕ. ಅಡಿಕೆ ಮರ ನೆಲದಲ್ಲಿ ಬಿದ್ದು ಉರುಳಾಡುವುದಿಲ್ಲ ಎಂಬುದು ಆ ಲೆಕ್ಕದಲ್ಲಿ ಇಲ್ಲ.

ನಿನ್ನೆ ಬೆಳಿಗ್ಗೆ ನಾನು ಹೋಗುವಾಗ ಗೋಲಿನ ಹತ್ತಿರ ಒಂದೇ ಒಂದು ಹಕ್ಕಿ ಕುಕ್ಕುತ್ತಿರಲಿಲ್ಲ. ಹುಳ ಕಡಿಮೆಯಾಯಿತೋ ಏನೋ ಎಂದು ಒಂದು ಕ್ಷಣ ಸಂತೋಷವೇ ಆಯಿತು, ನನ್ನ ಬುದ್ಧಿಗಿಷ್ಟು! ಹತ್ತಿರ ಹೋದರೆ ಬೆಳ್ಳಕ್ಕಿಯೊಂದು ರೆಕ್ಕೆ ಹರಡಿಕೊಂಡು ಬಿದ್ದಿತ್ತು. ಕಂಬದ ಬುಡದಲ್ಲಿ ಮೈನಾಗಳು, ಬೇಲಿಯ ಹತ್ತಿರ ಇನ್ನೂ ಕೆಲವು. ಮೂಗಿಗೆ ಬಡಿಯುವ ಕೊಳೆತ ವಾಸನೆ, ಅದು ಹಕ್ಕಿಯದ್ದಲ್ಲ. ಹುಲ್ಲಿನ ಮೇಲೆಲ್ಲ ಸಣ್ಣ ಹರಳುಗಳು. ಮಣ್ಣಿಗೆ ಸೇರಿಸಿಯೂ ಇಲ್ಲ, ಎರಚಿ ಬಿಟ್ಟಿದ್ದಾರೆ. ಆಮ್ನಾ ಬಾಲಿಗೆ ಹಾರಿ, ಎದೆ ಅಡಿಯಾಗಿ ಬಿದ್ದು, ಬಾಯಿಗೆ ಹೋದ ಮಣ್ಣು ಉಗುಳಿ, ಅದೇ ಕೈಯಲ್ಲಿ ಮುಖ ಒರೆಸಿಕೊಂಡು ಏಳುವುದು ಸರಿಯಾಗಿ ಆ ಜಾಗದಲ್ಲೇ.

ಓಡಿ ಬಂದು ಮಾವನಲ್ಲಿ ಕೇಳಿದೆ. ಹೌದು, ಹಳೆಯ ಡಬ್ಬಿ ಶೆಡ್ಡಿನಲ್ಲಿ ಇತ್ತು, ಹಾಕಿದೆ, ಪೋಡಿಗೆ ದಾಯೆಗ್ ಎಂದರು. ಹೆದರಿಕೆ ಎಂತಕ್ಕಂತೆ! ಹಕ್ಕಿ ಸತ್ತಿದೆ ಎಂದರೆ, ಹುಳ ತಿಂದ ಹಕ್ಕಿ ಸಾಯುತ್ತದೆ, ಮಕ್ಕಳು ಹುಳ ತಿನ್ನುವುದಿಲ್ಲ ಎಂದರು. ಚರ್ಮದಿಂದಲೇ ಒಳಗೆ ಇಳಿಯುವ ವಿಷ ಅದು ಎಂದು ಹೇಳಿದ್ದು ಅವರ ಕಿವಿಗೆ ಹೋಗಲೇ ಇಲ್ಲ. ನಮ್ಮವರನ್ನು ಹಿಡಿದೆ. ಅವರದ್ದು ಬೇರೆ ಪುರಾಣ. ಬ್ಯಾನರ್ ಹಾಕಿ ಆಗಿದೆ, ಉದ್ಘಾಟನೆಗೆ ಜನ ಬರುತ್ತಾರೆ, ಪೈಪಿನಲ್ಲಿ ನೀರು ಬಿಟ್ಟರೆ ಎಲ್ಲ ಇಳಿದು ಹೋಗುತ್ತದೆ, ನೀನು ಬಾಯಿ ಮುಚ್ಚಿಕೊಂಡು ಇರು ಎಂದರು. ಇಳಿದು ಎಲ್ಲಿಗೆ ಹೋಗುವುದು? ತಗ್ಗಿನ ಮನೆಯವರ ಬಾವಿಗಾ? ಇಲಿ ಉಂಟೆಂದು ಮನೆಗೆ ಬೆಂಕಿ ಇಡುವುದೆಂದರೆ ಇದೇ ಅಲ್ಲವಾ? ಕೋಚ್ ನೆವಿಲ್‌ಗೆ ಫೋನ್ ಮಾಡಿದರೆ, ಅದು ಗೊಬ್ಬರ ಅಂತ ಸರ್ ಹೇಳಿದ್ದಾರೆ ಮೇಡಂ, ವಾಸನೆ ನಾಳೆಗೆ ಹೋಗ್ತದೆ ಎಂದ. ಅಲ್ಲಿಗೆ ನಾನು ಸುಮ್ಮನಾದೆ. ನಿಜವಾಗಿ ಹೇಳುತ್ತೇನೆ, ಸುಮ್ಮನಾದೆ. ಇವರೆಲ್ಲ ಇಷ್ಟು ಧೈರ್ಯದಲ್ಲಿ ಇರುವಾಗ ನನ್ನದೇ ಅತಿಯಾಯಿತೋ ಎಂದುಕೊಂಡೆ.

ಇವತ್ತು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮಾವ ನನ್ನ ಮುಖ ನೋಡದೆ ಹೇಳಿದರು. ಮೋಕ್ಷಿತ್‌ಗೆ ಸ್ವಲ್ಪ ಶೀತ ಉಂಟು, ಅವನು ನಾಳೆ ಕ್ಯಾಂಪಿಗೆ ಬೇಡ.

ನನ್ನ ಮಗನಿಗೆ ಶೀತ ಇಲ್ಲ, ಫರ್ಝಾನಾ. ಅಂಗಳದಲ್ಲಿ ಕುಣಿಯುತ್ತಿದ್ದಾನೆ. ನಮ್ಮವರು ತಲೆ ಎತ್ತದೆ, ಹೌದು ಹೌದು ಬೇಡ ಎಂದರು. ದೋಸೆ ಹಾಕುತ್ತಿದ್ದ ನನ್ನ ಕೈ ಕಾವಲಿಗೆ ತಾಗಿದ್ದು ನನಗೆ ಗೊತ್ತೇ ಆಗಲಿಲ್ಲ. ಗೊತ್ತುಂಟು ಅವರಿಗೆ! ಇಬ್ಬರಿಗೂ ಗೊತ್ತುಂಟು. ಮತ್ತೆ ನಾನು ಎಂತ ಮಾಡಿದೆ ಎಂದು ಕೇಳು. ಅಬ್ಬ, ನನ್ನ ಮಗ ಉಳಿದ ಎಂದು ಉಸಿರು ಬಿಟ್ಟೆ. ಅವರ ತಟ್ಟೆಗೆ ದೋಸೆ ಹಾಕಿದೆ, ಚಟ್ನಿ ಬೇಕಾ ಎಂದೂ ಕೇಳಿದೆ. ಆಮ್ನಾ ನೆನಪಾದದ್ದು ಆಮೇಲೆ. ಇದನ್ನು ನಿನಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದೆ ಇರಲು ಹೆದರಿಕೆಯಾಗುತ್ತದೆ.

ಈ ಕಾಗದ ಶುರು ಮಾಡುವಾಗ ನಿನ್ನ ಮಗಳೊಬ್ಬಳನ್ನು ಬಿಡಿಸಿಕೊಂಡರೆ ಸಾಕು, ಹಾವೂ ಸಾಯುವುದಿಲ್ಲ ಕೋಲೂ ಮುರಿಯುವುದಿಲ್ಲ ಎಂದುಕೊಂಡಿದ್ದೆ. ಇಷ್ಟು ಬರೆದ ಮೇಲೆ ಅದು ಆಗುವುದಿಲ್ಲ ಎಂದು ತಿಳಿಯಿತು. ಅವರು ಮೋಕ್ಷಿತ್‌ನನ್ನು ಬಿಡಿಸಿಕೊಂಡರು, ನಾನು ಆಮ್ನಾಳನ್ನು. ಉಳಿದ ಮಕ್ಕಳ ಅಮ್ಮಂದಿರಿಗೆ ಕಾಗದ ಬರೆಯುವವರು ಯಾರು? ಹಾಗಾಗಿ ನಾಳೆ ಬೆಳಿಗ್ಗೆ ನೀನು ಒಬ್ಬಳೇ ಮೈದಾನದ ಗೇಟಿನ ಹತ್ತಿರ ಬಾ. ನೆವಿಲ್‌ಗೆ, ಬಂದ ತಂದೆತಾಯಿಯರಿಗೆ ಈ ಕಾಗದ ತೋರಿಸು. ನನ್ನ ಹೆಸರು ಅಡಗಿಸಬೇಡ. ಇವತ್ತೇ ನಿನ್ನ ಡಾಕ್ಟರರಲ್ಲಿ ಕೇಳಿಡು, ಮದ್ದಿನ ಹೆಸರು ಫೋರೇಟ್ ಎಂದು ಹೇಳು. ಯಾವುದಾದರೂ ಮಗು ಈಗಾಗಲೇ ಅಲ್ಲಿ ಆಡಿ, ಬೆವರು, ವಾಂತಿ, ಬಾಯಲ್ಲಿ ಜೊಲ್ಲು ಎಂದರೆ ಗಳಿಗೆ ತಡಮಾಡದೆ ಆಸ್ಪತ್ರೆಗೆ ತರಬೇಕು.

ನಾಳೆಯ ಮೇಲೆ ಈ ಮನೆಯಲ್ಲಿ ನನ್ನ ಗತಿ ಎಂತ ಎಂದು ನನಗೆ ಗೊತ್ತಿಲ್ಲ. ನಮ್ಮವರ ಸಿಟ್ಟು ನಿನಗೆ ಗೊತ್ತುಂಟು. ಮಾವ ಬೈಯುವುದಿಲ್ಲ, ಮಾತು ಬಿಡುತ್ತಾರೆ, ಅದು ಇನ್ನೂ ಕಷ್ಟ. ಬರೆಯುವಾಗಲೂ ಬಾಗಿಲ ಕಡೆಗೇ ನೋಡುತ್ತಾ ಇದ್ದೇನೆ. ಸುಂದರಿ ಚಪ್ಪಲಿ ಹಾಕಿಕೊಂಡು ಹಿತ್ತಲಲ್ಲಿ ನಿಂತಿದ್ದಾಳೆ.

ನಿನ್ನ,
ಸ್ನೇಹಲತಾ

ಮತ್ತೊಂದು ಮಾತು: ಕವರಿನೊಳಗೆ ಇರುವುದು ಮೈದಾನದ ಗೇಟಿನ ಬೀಗದ ಕೈ. ಮಧ್ಯಾಹ್ನ ಎಲ್ಲರೂ ಮಲಗಿದಾಗ, ಈ ಕಾಗದವನ್ನು ನಡುವಲ್ಲೇ ಬಿಟ್ಟು ಹೋಗಿ ಹಳೆಯ ಬೀಗ ತೆಗೆದು ಹೊಸತು ಹಾಕಿ ಬಂದೆ. ಅದರ ಉಳಿದ ಕೈಗಳನ್ನು ಬಾವಿಗೆ ಹಾಕಿದ್ದೇನೆ. ಬೀಗ ಒಡೆಯುವುದಾದರೆ ಅವರು ಎಲ್ಲರೆದುರು ಒಡೆಯಲಿ, ಯಾಕೆ ಎಂದು ಕೇಳುವವರು ಕೇಳಲಿ. ನಮ್ಮವರು ಬಂದು ಕೇಳಿದರೆ ಕೈ ಕೊಡಬೇಡ. ಅವರ ಜೊತೆ ನಾನೂ ಬಂದು, ಎಲ್ಲ ಸರಿಯಾಯಿತು ಮಾರಾಯ್ತಿ, ನಾನು ಸುಮ್ಮನೆ ಹೆದರಿದ್ದು ಎಂದು ನಗುತ್ತಾ ಕೇಳಬಹುದು. ಆಗಲೂ ಕೊಡಬೇಡ.