ಮೇಣದಲ್ಲಿಟ್ಟ ಚೂರು

ದೊಡ್ಡಮ್ಮಾ, ಇಲ್ಲಿಂದಲೇ ಕಾಲಿಗೆ ಬಿದ್ದೆ ಅಂತ ತಿಳ್ಕೋ. ನಾನು ಚೆನ್ನಾಗಿದ್ದೀನಿ, ನೆಗಡಿಯೂ ಬಿಟ್ಟಿತು.

ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಹಿಂದಿನ ಡಾಕ್ಟರುಗಳು ಕೊಯ್ದು ತೆಗೆದ ಗಡ್ಡೆಗಳ ಚೂರುಗಳನ್ನು ಮೇಣದಲ್ಲಿ ಹುದುಗಿಸಿ ಬೀರುಗಟ್ಟಲೆ ಇಟ್ಟಿದ್ದಾರೆ. ಅವನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು ಗಾಜಿನ ಮೇಲೆ ಕೂರಿಸೋದು ನನ್ನ ಕೆಲಸ. ಫ್ಯಾನ್ ಹಾಕೋ ಹಾಗಿಲ್ಲ, ಉಸಿರೂ ಬಿಗಿಹಿಡೀಬೇಕು. ಬಂದ ಹೊಸದರಲ್ಲಿ ಒಮ್ಮೆ ಸೀನಿಬಿಟ್ಟೆ. ಹೆರೆದ ಪೊರೆ ಹಾರಿಹೋಗಿ ಕೆಲಸ ಕಲಿಸೋ ಮೇಡಂ ಕನ್ನಡಕಕ್ಕೆ ಅಂಟಿತು. “ಇದು ನಿನಗೋಸ್ಕರ ಅರವತ್ತು ವರ್ಷ ಕಾದಿದೆಯಮ್ಮಾ, ನಿನ್ನ ಮೂಗಿಗೆ ಒಂದು ನಿಮಿಷ ಕಾಯೋಕಾಗಲ್ವಾ?” ಅಂದರು.

ಅದು ಯಾರೋ ಅಜ್ಜಿಯದು. ಅದರೊಳಗಿನ ವಂಶವಾಹಿ ಓದೋಕೆ ಆಗ ಯಾರಿಗೂ ಬರ್ತಿರಲಿಲ್ಲ, ಆದರೂ ಜೋಪಾನ ಮಾಡಿಟ್ಟರು. ಈಗ ಆಕೆಯ ಮೊಮ್ಮಗಳು ಅದೇ ಕಾಯಿಲೆಯಿಂದ ಇಲ್ಲೇ ಮೇಲಿನ ವಾರ್ಡಿನಲ್ಲಿದ್ದಾಳೆ. ಅವಳಲ್ಲಿರೋ ದೋಷವೇ ಅಜ್ಜಿಯ ಚೂರಲ್ಲೂ ಸಿಕ್ಕಿತು. ವಂಶದಲ್ಲೇ ಬಂದದ್ದು ಅಂತ ತಿಳಿದು, ಅವಳ ತಂಗಿಯರನ್ನು ಕಾಯಿಲೆಗೆ ಮುಂಚೆಯೇ ಪರೀಕ್ಷೆ ಮಾಡ್ತಿದ್ದಾರೆ.

ಬರೋ ತಿಂಗಳು ನಿನ್ನ ಆಪರೇಷನ್ ಅಂತ ಅಕ್ಕ ಹೇಳಿದಳು. “ಗಡ್ಡೆ ತೆಗೆದ ಕೂಡಲೇ ಎಸೆದುಬಿಡಿ, ಪೀಡೆ ತೊಲಗಲಿ” ಅಂತ ಡಾಕ್ಟರಿಗೆ ಹೇಳಿದೆಯಂತೆ. ಕಾಲು ಮುರಿದ ಕುರ್ಚಿ, ಮುಚ್ಚಳವಿಲ್ಲದ ಡಬ್ಬ, ಬಟ್ಟೆ ಹರಿದ ಛತ್ರಿ ಎಲ್ಲಾ ಅಟ್ಟದ ಮೇಲಿಟ್ಟವಳು ನೀನು! ಫೋನಲ್ಲಿ ಹೇಳಿದರೆ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತೀಯ, ಕಾರ್ಡಾದರೆ ಎತ್ತಿಡ್ತೀಯ ಅಂತ ಬರೀತಿದ್ದೀನಿ. ಆ ಗಡ್ಡೆಯನ್ನೂ ಎತ್ತಿಡಿಸು. ಅಮ್ಮನೂ ನೀನೂ ಒಂದೇ ರಕ್ತ, ನಾಳೆ ಅಕ್ಕನಿಗೂ ನನಗೂ ಬೇಕಾದೀತು. ಎಸೆಯೋದನ್ನ ಈ ವಯಸ್ಸಲ್ಲಿ ಕಲೀಬೇಡ.

ನಿನ್ನ ಪುಟ್ಟಿ