ಗಂಟಲು ಕಟ್ಟಿದ ಅಪ್ಪನ ಕಾಗದ

ಮಾರ್ಚ್ 9, ಭಾನುವಾರ ಬೆಳಗ್ಗೆ

ಪ್ರೀತಿಯ ಮಗಳೇ,

ನಿನ್ನ ಅಪ್ಪ ನಿನ್ನೆದುರು ಕೈಕಟ್ಟಿ, ತಲೆ ತಗ್ಗಿಸಿ ನಿಂತಿದ್ದಾನೆ ಎಂದುಕೊಂಡು ಈ ಕಾಗದ ಓದು. ನಿನ್ನ ಮೂರು ಕಾಗದಗಳು ಬಂದವು. ಮೂರಕ್ಕೂ ಅಮ್ಮನೇ ಉತ್ತರ ಬರೆದಳು. ಪ್ರತಿ ಸಲವೂ ಕೊನೆಯಲ್ಲಿ ‘ಅಪ್ಪನಿಗೆ ಗಂಟಲು ಕಟ್ಟಿದೆ’ ಎಂದು ಸೇರಿಸಿದಳಂತೆ. ಗಂಟಲು ಕಟ್ಟಿದರೆ ಕೈಗೇನಾಗಿತ್ತು ಎಂದು ನೀನು ಕೇಳಿದ್ದೀಯ. ಕೇಳಬೇಕಾದದ್ದೇ. ಐದು ವಾರ ಸುಮ್ಮನಿದ್ದೆ, ಕ್ಷಮಿಸು. ಫೋನಿನಲ್ಲಿ ಏನೂ ಮಾತಾಡಬೇಡಿ ಎಂದು ನಿನ್ನ ವಕೀಲೆ ಹೇಳಿದ್ದೇ ನನಗೆ ಒಳ್ಳೆಯ ನೆಪವಾಯಿತು.

ಸೋದರತ್ತೆಯ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಿನ್ನ ಕೋಣೆಯ ಕಿಟಕಿಯ ಚಿಲಕ ಸರಿ ಮಾಡಿಸಿದ್ದೇನೆ. ಅಮ್ಮ ದಿನಕ್ಕೆರಡು ಸಲ ಅಲ್ಲಿ ಕಸ ಗುಡಿಸುತ್ತಾಳೆ. ಕಸ ಇರುವುದಿಲ್ಲ, ಆದರೂ ಗುಡಿಸುತ್ತಾಳೆ.

ಬೀದಿಯ ಸುದ್ದಿ ಹೇಳಲೇ? ಕೇಳು ಮಗಳೇ, ಕೇಳು! ನಿನ್ನ ದೆಸೆಯಿಂದ ನಮ್ಮ ಬೀದಿ ಈಗ ರಣರಂಗ. ಹಾಲಿನಂಗಡಿಯ ಸಾಲಿನಲ್ಲಿ ಯುದ್ಧ, ಬಸ್ ನಿಲ್ದಾಣದಲ್ಲಿ ಯುದ್ಧ. ಮಹಾಯುದ್ಧ ಮಾತ್ರ ಕಟಿಂಗ್ ಶಾಪಿನಲ್ಲಿ. ಹೋದ ಮಂಗಳವಾರ ನಾನು ಒಳಗೆ ಕಾಲಿಟ್ಟಾಗ ನಮ್ಮ ಪಕ್ಕದ ಮನೆಯ ದರ್ಜಿ ಎದ್ದು ನಿಂತು ಪತ್ರಿಕೆಯನ್ನು ಗಾಳಿಯಲ್ಲಿ ಝಾಡಿಸುತ್ತಿದ್ದ. ಅವನ ಮಗ ಗಡಿಯಲ್ಲಿದ್ದಾನೆ, ನಿನಗೆ ಗೊತ್ತಲ್ಲ.

“ಸೈನಿಕರ ಹೆಲ್ಮೆಟ್ ಪರೀಕ್ಷೇಲಿ ಫೇಲಾದ್ರೆ ಮೇಲಿನವರಿಗೆ ಹೇಳ್ಬೇಕಿತ್ತು. ಆಫೀಸಿನ ಗುಟ್ಟಿನ ಹಾಳೆಗಳನ್ನ ಪೇಪರಿನವರ ಕೈಗೆ ಕೊಟ್ಟು, ಗುಂಡು ಎಲ್ಲಿ ಹೊಡೆದ್ರೆ ಒಳಗೆ ಹೋಗುತ್ತೆ ಅಂತ ಶತ್ರುಗೆ ಪಾಠ ಮಾಡಿದ್ಲು! ಅಲ್ಲಿ ನಿಂತಿರೋನು ನನ್ನ ಮಗ ಕಣ್ರೀ! ಇದು ದ್ರೋಹ ಅಲ್ದೆ ಇನ್ನೇನು?”

ಕುರ್ಚಿಯಲ್ಲಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದ ನಿನ್ನ ಹಳೆಯ ಮೇಷ್ಟ್ರು ಗರ್ರನೆ ತಿರುಗಿದರು. “ಫೇಲಾದದ್ದನ್ನ ಪಾಸು ಅಂತ ತಿದ್ದಿದ್ದೇ ಮೇಲಿನವರು. ಇನ್ಯಾರ ಹತ್ರ ಹೋಗ್ಬೇಕಿತ್ತಪ್ಪಾ? ಆ ಹುಡುಗಿ ಧೀರೆ! ನಿನ್ನ ಮಗನ ತಲೆ ಉಳಿಸಿದ್ದಾಳೆ.”

“ಉಳಿಸಿಲ್ಲ, ತೋರಿಸಿಕೊಟ್ಟಿದ್ದಾಳೆ!”

ಕತ್ತಿ ಹಿಡಿದಿದ್ದವನು ನಿಟ್ಟುಸಿರಿಟ್ಟ. “ಅಲ್ಲಾಡದೆ ಕೂತ್ಕೊಳ್ಳಿ ಮೇಷ್ಟ್ರೇ. ಇಲ್ಲಾಂದ್ರೆ ನಿಮ್ಮ ಕಿವಿ ಇವತ್ತು ದೇಶಕ್ಕೆ ಅರ್ಪಣೆ ಆಗುತ್ತೆ.”

ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ಒಟ್ಟಿಗೆ ನನ್ನ ಕಡೆ ನೋಡಿದರು. ಧೀರೆಯೋ ದ್ರೋಹಿಯೋ, ಹೆತ್ತವನು ಹೇಳಲಿ ಎಂಬಂತೆ.

ಮೈಕಿಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲಿನ ಕಡಲೆಕಾಯಿ ಮಾರುವವನಿಗೂ ಕೇಳುವಂತೆ ಗರ್ಜಿಸಿದವನು ನಿನ್ನಪ್ಪ! ನಾಟಕದ ರಾಜನ ಪಾತ್ರಕ್ಕೆ ನನ್ನನ್ನು ಬಿಟ್ಟರೆ ಇಲ್ಲ ಎನ್ನುತ್ತಿದ್ದರು. ಆ ರಾಜ ಏನು ಮಾಡಿದ ಗೊತ್ತೇ? ಕೊರಳಿಗೆ ಸುತ್ತಿದ್ದ ಮಫ್ಲರನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿದ. ಕ್ಷೌರ ಮಾಡಿಸಿಕೊಳ್ಳದೆ ಮನೆಗೆ ಬಂದ.

ಗಂಟಲಿಗೆ ಏನೂ ಆಗಿಲ್ಲ ಮಗಳೇ. ನಿನ್ನ ಅಮ್ಮನಿಗೆ ಮೊದಲ ದಿನವೇ ಗೊತ್ತಾಯಿತು. “ಗಂಟಲು ನೋವಿರೋರು ಊಟಕ್ಕೆ ಖಾರ ಸಾಲದು ಅಂತ ಸನ್ನೆ ಮಾಡ್ತಾರಾ? ಯಾರಿಗೆ ರೀ ಈ ನಾಟಕ?” ಎಂದಳು. ಬಿಸಿಲಿನಲ್ಲೂ ಮಫ್ಲರ್ ಸುತ್ತಿಕೊಂಡು ಬೆವರುತ್ತಾ ಓಡಾಡುತ್ತಿದ್ದೇನೆ.

ಇನ್ನೊಂದು ನಾಚಿಕೆಗೇಡು ಕೇಳು. ನಿನ್ನ ಪರವಾಗಿ ಪುರಭವನದಲ್ಲಿ ಸಭೆ ಮಾಡಿದರು. ಮೇಷ್ಟ್ರು ಕೈಹಿಡಿದು ಎಳೆದುಕೊಂಡು ಹೋಗಿ ವೇದಿಕೆಯ ಮೇಲೆ ಕೂರಿಸಿದರು. ನನ್ನ ತಲೆಯ ಮೇಲೆ ‘ಧೀರೆಯ ತಂದೆ’ ಎಂದು ಬರೆದು ಕಟ್ಟಿದ ಬಟ್ಟೆ. ಹೊರಗೆ ಕಪ್ಪು ಬಾವುಟದವರ ಕೈಯಲ್ಲಿ ‘ದ್ರೋಹಿಯ ತಂದೆ’ ಎಂಬ ಫಲಕ. ಎರಡೂ ನಾಟಕದಲ್ಲಿ ನನಗೇ ದೊಡ್ಡ ಪಾತ್ರ! “ಒಂದೇ ಒಂದು ಮಾತಾಡಿ ಸಾಕು, ಪಿಸುಗುಟ್ಟಿದ್ರೂ ಸಾಕು” ಎಂದು ಮೇಷ್ಟ್ರು ಮೈಕನ್ನು ಬಾಯಿಯ ಹತ್ತಿರ ತಂದರು. ನಾನು ಎದ್ದೆ, ಕೈಮುಗಿದೆ, ವೇದಿಕೆಯ ಹಿಂದಿನ ಬಣ್ಣದ ಕೋಣೆಯ ಹಿಂಬಾಗಿಲಿಂದ ಹೊರಗೆ ನಡೆದುಬಿಟ್ಟೆ. ಹಿಂದಿನಿಂದ ಯಾರೋ “ಪಾಪ, ದುಃಖ ಉಮ್ಮಳಿಸಿ ಬಂತು” ಎಂದರು. ದುಃಖವಲ್ಲ ಅದು. ಏನೆಂದು ಹೇಳಲು ಈ ಕಾಗದದಲ್ಲಿ ಎಷ್ಟು ಸಲ ಹೊರಟು ಎಷ್ಟು ಸಲ ಹಿಂದಕ್ಕೆ ಬಂದೆನೋ.

ಇನ್ನು ಗುಬ್ಬಿಯ ವಿಷಯ. ಆಫೀಸಿನಲ್ಲಿ ನಿನ್ನ ಪಕ್ಕದ ಮೇಜಿನ ಗುಬ್ಬಿ, ನಿನ್ನ ಮದುವೆಗೆ ತಾನೇ ಮೊದಲು ಅಳುತ್ತೇನೆ ಎನ್ನುತ್ತಿದ್ದ ಗುಬ್ಬಿ. ‘ನಾನು ಹಾಳೆಗಳನ್ನು ಚೀಲದಲ್ಲಿಟ್ಟದ್ದನ್ನು ನೋಡಿದವಳು ಅವಳೊಬ್ಬಳೇ; ನನ್ನ ಹೆಸರು ಹೇಳಿದವಳು ಅವಳೇ ಅಲ್ಲವೇ ಅಪ್ಪ?’ ಎಂದು ಮೂರು ಕಾಗದದಲ್ಲೂ ಕೇಳಿದ್ದೀಯ. ಮೇಲಿನವರು ಆ ಹಾಳೆಗಳನ್ನು ತಿದ್ದಿದ್ದನ್ನು ನಿನ್ನನ್ನು ಬಿಟ್ಟರೆ ಕಣ್ಣಾರೆ ಕಂಡವಳೂ ಅವಳೊಬ್ಬಳೇ. ಇಪ್ಪತ್ತೊಂದನೆಯ ತಾರೀಖಿನ ವಿಚಾರಣೆಗೆ ಬಂದು ಸಾಕ್ಷಿ ಹೇಳುತ್ತೇನೆ ಎಂದು ಅವಳು ತಾನಾಗಿ ಹೇಳಿದರೂ, ಅವಳ ಸಾಕ್ಷಿ ಬೇಡವೆಂದು ವಕೀಲೆಗೆ ಹೇಳಿಬಿಟ್ಟೆಯಂತೆ. ಅವಳಿಲ್ಲದಿದ್ದರೆ ತಿದ್ದಿದವರು ಅವರೇ, ನೀನಲ್ಲ ಎಂದು ಸಾಧಿಸುವುದು ಕಷ್ಟ, ಕೆಲಸ ಮಾತ್ರವಲ್ಲ ಜೈಲೂ ಆಗಬಹುದು ಎಂದು ವಕೀಲೆ ಅಮ್ಮನಿಗೆ ತಿಳಿಸಿದ್ದಾರೆ.

ಮೊನ್ನೆ ಮಧ್ಯಾಹ್ನ ಗುಬ್ಬಿ ಬಂದಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ. ಹೊಸ್ತಿಲ ಹೊರಗೇ ನಿಂತು, ನೀನು ಅವಳನ್ನು ದೂರಿ ಬರೆದ ನಾಲ್ಕು ಸಾಲಿನ ಚೀಟಿಯನ್ನು ಅಮ್ಮನ ಕೈಗಿಟ್ಟಳು.

“ನೀವೇ ಇಟ್ಕೊಳ್ಳಿ ಆಂಟಿ, ನನ್ನ ಹತ್ರ ಇದ್ರೆ ದಿನಾ ಓದ್ತೀನಿ. ಆಫೀಸಲ್ಲಿ ಅರ್ಧ ಜನ ನೀನೂ ಅವಳ ಜೊತೆಗಾತಿ ಅಂತಾರೆ, ಇನ್ನರ್ಧ ಜನ ಗೆಳತೀನ ಹಿಡಿದುಕೊಟ್ಟೋಳು ಅಂತಾರೆ. ಊಟದ ಡಬ್ಬಿ ತಗೊಂಡು ಯಾವ ಮೇಜಿಗೆ ಹೋದ್ರೂ ಎದ್ದು ಹೋಗ್ತಾರೆ. ಅದೆಲ್ಲಾ ಹಾಳಾಗ್ಲಿ. ನಾನು ಹೇಳಿಲ್ಲ ಅಂತ ಅವಳಿಗೆ ಒಂದು ಮಾತು ಬರೀತೀರಾ ಅಂಕಲ್? ನಿಮ್ಮ ಮಾತು ನಂಬ್ತಾಳೆ.”

ನಾನು ಮಫ್ಲರ್ ಮುಟ್ಟಿದೆ. ಆ ಹುಡುಗಿ ತನ್ನ ಚೀಲದಿಂದ ಗಂಟಲಿನ ಮಾತ್ರೆ ತೆಗೆದು ನನ್ನ ಕೈಯಲ್ಲಿಟ್ಟು ಹೋದಳು. ಬೀದಿಯ ತಿರುವು ದಾಟುವವರೆಗೂ ನೋಡುತ್ತಾ ನಿಂತಿದ್ದೆ, ಒಮ್ಮೆಯೂ ಕೂಗಿ ಕರೆಯಲಿಲ್ಲ.

ನಿನ್ನೆ ದರ್ಜಿಯೂ ಬಂದಿದ್ದ. ಮಗನ ಕಾಗದ ಬಂದಿದೆಯಂತೆ. ಹಳೆಯ ಹೆಲ್ಮೆಟ್‌ಗಳನ್ನೆಲ್ಲ ವಾಪಸ್ ತೆಗೆದುಕೊಂಡು ಹೊಸದು ಕೊಟ್ಟಿದ್ದಾರಂತೆ. “ಅಂದ ಮಾತನ್ನ ನಾನು ನುಂಗಲ್ಲ ರಾಯರೇ, ಪೇಪರಿಗೆ ಕೊಟ್ಟಿದ್ದು ತಪ್ಪೇ. ಆದ್ರೆ ಈ ಕಾಗದ ಓದಿದಾಗಿನಿಂದ ಮಷೀನ್ ತುಳಿಯೋಕೆ ಕಾಲೇ ಬರ್ತಿಲ್ಲ” ಎಂದು ಕಣ್ಣೊರೆಸಿಕೊಂಡ. ತನ್ನ ಮಾತಿಗೆ ಎದೆ ಕೊಟ್ಟು ನಿಲ್ಲುವ ಮನುಷ್ಯ. ನಿನ್ನನ್ನು ಬೈದವನ ಮುಂದೆ ನಾನೇ ಸಣ್ಣವನಾಗಿ ಕುಳಿತಿದ್ದೆ.

ಧೈರ್ಯವಾಗಿರು ಮಗಳೇ. ಇಪ್ಪತ್ತೊಂದರಂದು ತಲೆಯೆತ್ತಿ ಮಾತಾಡು, ಕೊನೆಯ ಸಾಲಿಗೂ ಕೇಳುವಂತೆ ಮಾತಾಡು. ನೀನು ನೂರು ಕಾಲ ಚೆನ್ನಾಗಿರಬೇಕು. ನಿನ್ನ ಕೈ, ಕಣ್ಣು, ಮಾತು ಎಲ್ಲಕ್ಕೂ ಈ ಮುದುಕನ ಆಶೀರ್ವಾದವಿದೆ, ಅದಕ್ಕೆ ಬೆಲೆಯಿದ್ದರೆ.

ಇಂತು,
ನಿನ್ನ ಅಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ.

ಗುಬ್ಬಿ ಹೇಳಲಿಲ್ಲ. ಹೇಳಿದವನು ನಾನು.

ಪತ್ರಿಕೆಯಲ್ಲಿ ಸುದ್ದಿ ಬಂದ ಮೂರನೆಯ ದಿನ, ಅಮ್ಮ ಆಸ್ಪತ್ರೆಗೆ ಹೋಗಿದ್ದಾಗ, ಮೂವರು ಮನೆಗೆ ಬಂದರು. ತನಿಖೆಯವರು ಎಂದೇ ಹೇಳಿಕೊಂಡರು, ಏನನ್ನೂ ಮುಚ್ಚಿಡಲಿಲ್ಲ. ಸರ್ಕಾರಿ ಮುದ್ರಣಾಲಯದಲ್ಲಿ ಮೂವತ್ತು ವರ್ಷ ಬೈಂಡಿಂಗ್ ಮಾಡಿದ ಹಿರಿಯರು ನೀವು, ನಿಮ್ಮ ಅಭಿಪ್ರಾಯ ಬೇಕು ಎಂದು ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಮೇಜಿನ ಮೇಲಿಟ್ಟರು. ಆ ಹಾಳೆಗಳ ಕಟ್ಟು. ನೀನು ಅದನ್ನು ಬಿಡಿಬಿಡಿಯಾಗಿ ಕೊಟ್ಟಿರಲಿಲ್ಲ. ಬೈಂಡರನ ಮಗಳು ಹೇಗೆ ಕೊಟ್ಟಾಳು! ಮೇಣ ಸವರಿದ ದಾರದಲ್ಲಿ, ಗಂಟು ಒಳಮೈಗೆ ಬರುವಂತೆ, ನಾನು ಕಲಿಸಿದ ಹಾಗೆಯೇ ಹೊಲಿದಿದ್ದೆ. ನೋಡಿದ ಕೂಡಲೇ ನಿನ್ನ ಕೈ ಗುರುತು ಹಿಡಿದೆ.

“ನಾಲ್ಕು ಜನ ಬೈಂಡರ್‌ಗಳಿಗೆ ತೋರಿಸಿದ್ವಿ. ಯಾರೋ ಕಲೀದೆ ಇರೋರು ಹೊಲಿದಿದ್ದಾರೆ ಅಂದ್ರು” ಎಂದ ಅವರಲ್ಲಿ ಹಿರಿಯವನು.

ಕಲಿಯದವರೇ! ನಾನು ಎದ್ದು ನಿಂತೆ. “ಈ ಹೊಲಿಗೆಯ ಗತ್ತು ಆ ನಾಲ್ವರ ವಂಶಕ್ಕೇ ಗೊತ್ತಿಲ್ಲ! ಈ ಗಂಟು ಹಾಕುವ ಕೈಗಳು ದೇಶದಲ್ಲಿ ಎರಡೇ ಎರಡು. ಒಂದು ಇದು!” ಎಂದು ಬಲಗೈ ಎತ್ತಿದೆ.

“ಇನ್ನೊಂದು?” ಎಂದ ಅವನು, ಬಹಳ ಮೆಲ್ಲಗೆ.

ಬಾಯಿ ತಪ್ಪಿ ಬಂತು ಎಂದು ನಿನಗೆ ಬರೆಯಬೇಕೆಂದು ಐದು ವಾರ ಪದ ಹುಡುಕಿದೆ. ತಪ್ಪಿ ಬರಲಿಲ್ಲ. ಅವನು ಯಾರು, ಯಾಕೆ ಕೇಳುತ್ತಿದ್ದಾನೆ, ನಿನಗೇನಾಗುತ್ತದೆ, ಎಲ್ಲವೂ ಆ ಕ್ಷಣದಲ್ಲಿ ನನಗೆ ಹೊಳೆದಿತ್ತು. ನಿನ್ನ ಬದಲು ಹೇಳಲು ಸತ್ತುಹೋದ ಒಬ್ಬ ಗೆಳೆಯನ ಹೆಸರು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮೂವರೂ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಎಷ್ಟು ವರ್ಷಗಳಾಗಿತ್ತು ಯಾರಾದರೂ ನನ್ನನ್ನು ಹಾಗೆ ನೋಡಿ.

“ನನ್ನ ಮಗಳದು” ಎಂದೆ. ಪೂರ್ತಿ ಕಂಠದಲ್ಲಿ.

ವಕೀಲೆಗೆ ಈ ಹಾಳೆಯನ್ನೇ ತೋರಿಸು. ಗುಬ್ಬಿಯನ್ನು ಇವತ್ತೇ ಕರೆ, ಕಾಲು ಹಿಡಿದಾದರೂ ಕರೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಅಂಚೆಗೆ ಹಾಕಿ ಬಂದು ಹೇಳುತ್ತೇನೆ.

ನಾನು ಹಾಗೆಂದಾಗ ಅವರಲ್ಲೊಬ್ಬ ಚಪ್ಪಾಳೆ ತಟ್ಟಿದ. ನಾನು ತಲೆ ಬಾಗಿಸಿ ವಂದಿಸಿದೆ, ಮಗಳೇ.