ಅಜ್ಜನ ಕಪ್ಪುಗಳ ಸದ್ದು

ಮೇ ೪, ಬೆಳಿಗ್ಗೆ
ಬ್ಯಾಟರಿ ಚಾರ್ಜಿಗಿಟ್ಟೆ. ಸಂಜೆಯ ಸವಾರಿಗೆ ನನ್ನ ಸೈಕಲ್ಲಿನ ಸ್ಪೀಕರಿನಲ್ಲಿ ಅಲೆಗಳ ಸದ್ದು, ತಮ್ಮ ನಿಜಾರನದ್ದರಲ್ಲಿ ಪಗಡೆ ದಾಳ, ಗೆಳತಿ ಲಮಾಳದ್ದರಲ್ಲಿ ಅಬು ರಬೀಹ್ ಅಜ್ಜ. ಕಾಫಿ ಮಾರುವಾಗ ಒಂದೇ ಕೈಯಲ್ಲಿ ಎರಡು ಪುಟ್ಟ ಕಪ್ಪು ತಾಕಿಸುತ್ತಿದ್ದ— ಟಿಣ್ ಟಿಣ್. ಹೋದ ವರ್ಷ ರೆಕಾರ್ಡ್ ಮಾಡಿದ್ದು. ಬೈರೂತಿನ ಕಡಲದಂಡೆಯ ಫುಟ್‌ಪಾತಿನಲ್ಲಿ ಈಗ ಇದ್ಯಾವುದೂ ಕೇಳಿಸುವುದಿಲ್ಲ; ಅದಕ್ಕೇ ಸದ್ದುಗಳನ್ನು ಸೈಕಲ್ಲಿನ ಮೇಲೆ ಅಲ್ಲಿಗೆ ಒಯ್ಯುತ್ತೇವೆ. ಪುಂಡ ಫಾದಿ ಅದನ್ನು ಕಬಳಿಸಿ ಮಾಡಿದ ಪಾರ್ಕಿಂಗು, ಅಡ್ಡಕ್ಕೆ ಸರಪಳಿ, ಅವನ ಹುಡುಗರ ಕೈಯಲ್ಲಿ ಕಬ್ಬಿಣದ ರಾಡು. ಅವನಪ್ಪನ ಆಸ್ತಿಯೇ? ಅಜ್ಜನ ಬಲಗೈ ಬೆರಳು ಮುರಿದು ಓಡಿಸಿದರು, ಪಾಪಿಗಳು.

"ನಂಗಂತೂ ಅಲ್ಲಿ ಕಾಲಿಡೋಕಾಗಲ್ಲ, ಮಗಳೇ. ನನ್ನ ಸದ್ದನ್ನಾದ್ರೂ ಕರ್ಕೊಂಡು ಹೋಗು" ಅಂದ ಅಜ್ಜ.

ಅದೇ ದಿನ, ಸಂಜೆ
ಮಜಾ! ಟಿಣ್ ಟಿಣ್ ಕೇಳಿದ್ದೇ ತಡ, ಫಾದಿಯ ಹುಡುಗರು ಕಾರುಗಳ ಸಂದಿಯಲ್ಲೆಲ್ಲ ಹುಡುಕಾಡಿದರು.

"ಮುದುಕ ಮತ್ತೆ ಬಂದವ್ನೆ ಕಣೋ! ಎಳ್ಕೊಂಡು ಬಾ!"

ಸ್ಪೀಕರು ಬುಟ್ಟಿಯಲ್ಲಿ, ಬಟ್ಟೆಯ ಕೆಳಗೆ. ಯಾರಿಗೂ ಗೊತ್ತಾಗಲಿಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಮೇ ೫
ಹುಡುಕಿ ಸಿಗದಿದ್ದಕ್ಕೆ ಅಜ್ಜನ ಮನೆಗೇ ನುಗ್ಗಿದ್ದಾರೆ. ಅಜ್ಜ ಮನೆ ಬಿಟ್ಟು ಹೊರಟೇ ಇಲ್ಲ ಅಂದರೆ ಯಾರು ನಂಬುತ್ತಾರೆ? ಬೀದಿಯೆಲ್ಲ ಅವನ ಕಪ್ಪು ಕೇಳಿದೆಯಲ್ಲ. ಮುಂದಿನ ಹಲ್ಲು ಹೋಗಿವೆ. ಬಲಗೈ ಮಣಿಕಟ್ಟು ಪುಡಿ.

ಆಸ್ಪತ್ರೆಯಲ್ಲಿ ಅವನ ಹೆಂಡತಿ ನನ್ನ ಕೂದಲಿಗೇ ಕೈಹಾಕಿದಳು. "ನಿಮ್ಮ ಆಟಕ್ಕೆ ನನ್ನ ಗಂಡನೇ ಬೇಕಾಗಿತ್ತೇನೇ?"

ಬಿಡಿಸಿಕೊಳ್ಳಲಿಲ್ಲ. ಎಳೆಯಲಿ.

ಮೇ ೧೧
ಫಾದಿಯ ತಲೆಯನ್ನು ಕಲ್ಲಿಗೆ ಜಜ್ಜಬೇಕು.

ನಿನ್ನೆ ನಿಜಾರನ ಸೈಕಲ್ಲಿನ ಮೇಲೆ ಜೀಪು ಹತ್ತಿಸಿದರು. ಹುಬ್ಬಿಗೆ ಹೊಲಿಗೆ. ಲಮಾ ಇನ್ನೂ ಹಠ ಬಿಟ್ಟಿಲ್ಲ.

"ಎಲ್ಲಾ ಸ್ಪೀಕರಲ್ಲೂ ಅಜ್ಜನ್ನೇ ಹಾಕೋಣ. ಎಷ್ಟು ಜನರನ್ನ ಹೊಡೀತಾರೋ ನೋಡೇಬಿಡೋಣ."

"ಅಜ್ಜನೊಬ್ಬನ್ನೇ ಹೊಡೀತಾರೆ ಕಣೇ" ಅಂದ ನಿಜಾರ.

ಅವನದೇ ಸರಿ. ಟಿಣ್ ಟಿಣ್ ಅಳಿಸಿಬಿಟ್ಟೆ. ಲಮಾಳದ್ದರಿಂದಲೂ, ಮನೆಯ ಕಂಪ್ಯೂಟರಿನಿಂದಲೂ. ಗೋಳೋ ಎಂದು ಅತ್ತೆ.

ಮೇ ೧೪, ಸಂಜೆ
ಸವಾರಿ ನಿಲ್ಲಿಸುವುದಿಲ್ಲ. ಕೆಳಗೆ ಬೀದಿ ತುಂಬ ಸೈಕಲ್ಲು, ಗುರುತಿಲ್ಲದವರೂ ಬಂದಿದ್ದಾರೆ. ಎರಡು ಸಾಲು ಬರೆದು ಇಳಿಯುತ್ತೇನೆ. ಇವತ್ತು ಬರೀ ಅಲೆ, ದಾಳ, ಮಕ್ಕಳ ಗಲಾಟೆ...

ಟಿಣ್ ಟಿಣ್.

ಕಿಟಕಿಯಿಂದ ಕೂಗಿದೆ. "ಲಮಾ! ಕಾಪಿ ಬಚ್ಚಿಟ್ಟಿದ್ಯೇನೇ? ಯಾಕೇ ಹಾಕ್ದೆ ಅದನ್ನ?"

"ನಂದು ಆಫ್ ಇದೆ ಕಣೇ!"

ಅಜ್ಜ. ಕೆಳಗೆ ಸೈಕಲ್ಲುಗಳ ನಡುವೆ ನಿಂತಿದ್ದಾನೆ, ಬಲಗೈಗೆ ಪ್ಲಾಸ್ಟರು. ಎಡಗೈಯಲ್ಲಿ ಕಪ್ಪುಗಳು, ತಾಳ ತಪ್ಪುತ್ತಿವೆ. ಬೊಚ್ಚುಬಾಯಿ ತೆರೆದು ನಗುತ್ತಿದ್ದಾನೆ.

"ಈ ಕೈಗೆ ಇನ್ನೂ ರೂಢಿ ಇಲ್ಲ, ಮಗಳೇ. ಬೇಗ ಇಳಿದು ಬಾ."

ಬೀದಿಯ ತುದಿಯಲ್ಲಿ ಫಾದಿಯ ಜೀಪು. ಅವನ ಹುಡುಗರು ರಾಡು ಹಿಡಿದು ಇಳಿಯುತ್ತಿದ್ದಾರೆ. ಅಜ್ಜನಿಗೂ ಕಂಡಿದೆ. ನಿಲ್ಲಿಸುತ್ತಿಲ್ಲ. ನನ್ನ ಸೈಕಲ್ಲಿಗೆ ಬೀಗ ಹಾಕುವ ಸರಪಳಿ ಎಲ್ಲಿ, ಆ ದಪ್ಪದ್ದು—